ಮೇಷ್ಟ್ರು, ಮೇಸ್ತ್ರಿ, ಮಿಸ್ಟರ್: ಒಂದು ಲ್ಯಾಟಿನ್ ಪದದ ಜಾಡು ಹಿಡಿಯುವುದು ಹೇಗೆ?

ಶಾಲೆಯ ಮೇಷ್ಟ್ರು, ಮನೆ ಕಟ್ಟುವ ಮೇಸ್ತ್ರಿ, ಕೋರ್ಟಿನ ಮ್ಯಾಜಿಸ್ಟ್ರೇಟ್, ನರ್ಸರಿ ಮಕ್ಕಳ ‘ಮಿಸ್ಸು’, ಸಿನಿಮಾದ ಫೈಟ್ ಮಾಸ್ಟರ್. ಇವರೆಲ್ಲರಿಗೂ ಹೆಸರು ಕೊಟ್ಟಿದ್ದು ಒಂದೇ ಲ್ಯಾಟಿನ್ ಪದ: ಮಗಿಸ್ತೆರ್. ಆದರೆ ಎಲ್ಲರೂ ಒಂದೇ ದಾರಿಯಲ್ಲಿ ನಮ್ಮ ಊರಿಗೆ ಬಂದವರಲ್ಲ. ಒಬ್ಬರು ಪೋರ್ಚುಗೀಸರ ಹಡಗಿನಲ್ಲಿ ಬಂದರು, ಒಬ್ಬರು ಇಂಗ್ಲಿಷ್ ಶಾಲೆಯ ಬಾಗಿಲಿನಿಂದ ಬಂದರು, ಇನ್ನೊಬ್ಬರು ಕಾನೂನು ಪುಸ್ತಕದೊಳಗೆ ಕೂತು ಬಂದರು.

ಪದಮೂಲ ಹುಡುಕುವುದು ಅಂದರೆ ಬೇರೆ ಬೇರೆ ಭಾಷೆಗಳಲ್ಲಿ ಒಂದೇ ಥರ ಕೇಳಿಸುವ ಪದಗಳನ್ನು ಜೋಡಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಸುಲಭ, ಮಜಾನೂ ಇರುತ್ತದೆ, ಆದರೆ ಜಾಸ್ತಿ ಸಲ ತಪ್ಪಾಗುತ್ತದೆ. ಹುಡುಕಬೇಕಾಗಿರುವುದು ಪದ ಬಂದ ದಾರಿಯನ್ನು. ಯಾರು ತಂದರು, ಯಾವಾಗ ತಂದರು, ಯಾವ ಕೆಲಸಕ್ಕೆ ತಂದರು? ಅದನ್ನು ಮಾಡುವ ಕ್ರಮವನ್ನು ಮಗಿಸ್ತೆರ್ ಪದವನ್ನೇ ಹಿಡಿದುಕೊಂಡು ಇಲ್ಲಿ ತೋರಿಸುತ್ತೇನೆ. ಇದೇ ಕ್ರಮದಲ್ಲಿ ನೀವು ಬೇರೆ ಯಾವ ಲ್ಯಾಟಿನ್ ಪದವನ್ನಾದರೂ ಹಿಂಬಾಲಿಸಬಹುದು.

ಮೊದಲ ಹೆಜ್ಜೆ: ಬಾಯಲ್ಲಿರುವುದನ್ನು ಬರೆದಿಟ್ಟುಕೊಳ್ಳಿ

ನಿಘಂಟು ಆಮೇಲೆ ತೆಗೆದರಾಯಿತು. ಮೊದಲು ಒಂದು ಹಾಳೆ ತೆಗೆದುಕೊಂಡು ಆ ಪದ ನಿಮ್ಮ ಸುತ್ತಮುತ್ತ ಯಾವ ಯಾವ ರೂಪದಲ್ಲಿ ಓಡಾಡುತ್ತಿದೆ ಅಂತ ಬರೆಯಿರಿ. ಮೈಸೂರು ಕಡೆ ಮೇಷ್ಟ್ರು. ಧಾರವಾಡದ ಕಡೆ ಮಾಸ್ತರ, ಮಾಸ್ತರ್ರು. ಪೋಸ್ಟ್ ಮಾಸ್ಟರ್, ಸ್ಟೇಷನ್ ಮಾಸ್ಟರ್, ಡ್ಯಾನ್ಸ್ ಮಾಸ್ಟರ್. ಬಟ್ಟೆ ಹೊಲಿಯುವವರನ್ನೂ ‘ಮಾಸ್ಟರ್, ಸ್ವಲ್ಪ ಟೈಟ್ ಮಾಡಿಕೊಡಿ’ ಅಂತ ಕೇಳುತ್ತೇವೆ. ಬಾಲನಟರ ಹೆಸರಿನ ಹಿಂದೆಯೂ ಮಾಸ್ಟರ್ ಇರುತ್ತದೆ, ಮಾಸ್ಟರ್ ಮಂಜುನಾಥ್ ನೆನಪಿರಬೇಕಲ್ಲ. ಗಾರೆ ಕೆಲಸದಲ್ಲಿ ಮೇಸ್ತ್ರಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ ಮೇಸ್ತ್ರಿ ಇರುತ್ತಾರೆ, ಆದರೆ ಅವರು ಗೋಡೆ ಕಟ್ಟುವವರಲ್ಲ, ಆಳುಗಳ ಕೆಲಸ ನೋಡಿಕೊಳ್ಳುವವರು.

ಪ್ರತಿ ರೂಪದ ಪಕ್ಕದಲ್ಲಿ ಎರಡು ವಿಷಯ ಬರೆಯಿರಿ: ಯಾರನ್ನು ಹಾಗೆ ಕರೆಯುತ್ತಾರೆ, ಯಾವ ಕಡೆ ಹಾಗೆ ಕರೆಯುತ್ತಾರೆ. ಇದು ಚಿಲ್ಲರೆ ಕೆಲಸ ಅನ್ನಿಸಬಹುದು. ಆದರೆ ಕಾಫಿ ತೋಟದ ಮೇಸ್ತ್ರಿಯನ್ನು ಬಿಟ್ಟುಬಿಟ್ಟರೆ ಆ ಪದಕ್ಕೆ ‘ಗಾರೆಯವನು’ ಅಂತ ಅರ್ಥ ಬರೆದು ಮುಗಿಸಿಬಿಡುತ್ತೀರಿ. ನಿಜವಾದ ಅರ್ಥ ಅದಲ್ಲ. ಮೇಸ್ತ್ರಿ ಅಂದರೆ ಕೆಲಸ ಬಲ್ಲವನು, ಕೈಯಾಳುಗಳ ಮೇಲಿನವನು.

ಎರಡನೆಯ ಹೆಜ್ಜೆ: ಲ್ಯಾಟಿನ್ ಪದವನ್ನು ಒಡೆದು ನೋಡಿ

ಈಗ ನೇರವಾಗಿ ಲ್ಯಾಟಿನ್‌ಗೆ ಹೋಗಿ. ಲೂಯಿಸ್ ಮತ್ತು ಶಾರ್ಟ್ ಅವರ 1879ರ ಲ್ಯಾಟಿನ್ ನಿಘಂಟು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಅದರಲ್ಲಿ ಪದದ ಅರ್ಥ ಮಾತ್ರ ನೋಡಬೇಡಿ, ಅದನ್ನು ಯಾರ ಬಗ್ಗೆ ಬಳಸುತ್ತಿದ್ದರು ಅನ್ನುವುದನ್ನು ನೋಡಿ.

ಮಗಿಸ್ತೆರ್‌ನಲ್ಲಿ ಎರಡು ತುಂಡು. ‘ಮಗಿಸ್’ ಅಂದರೆ ಹೆಚ್ಚು. ‘ತೆರ್’ ಅನ್ನುವುದು ಇಬ್ಬರನ್ನು ಹೋಲಿಸುವಾಗ ಹಚ್ಚುವ ಪ್ರತ್ಯಯ. ಇದು ನಮಗೂ ಗೊತ್ತಿರುವುದೇ. ಸಂಸ್ಕೃತದಿಂದ ಬಂದ ‘ಗುರುತರ ಜವಾಬ್ದಾರಿ’ಯಲ್ಲಿರುವ ‘ತರ’ ಇದರ ದಾಯಾದಿ. ಹಾಗಾಗಿ ಮಗಿಸ್ತೆರ್ ಅಂದರೆ ಇಬ್ಬರಲ್ಲಿ ಹೆಚ್ಚಿನವನು, ಮೇಲಿನವನು.

ಇದರ ಎದುರು ಜೋಡಿ ಇನ್ನೂ ಸ್ವಾರಸ್ಯ. ‘ಮಿನುಸ್’ ಅಂದರೆ ಕಡಿಮೆ, ನಮ್ಮ ಮೈನಸ್ಸೇ. ಅದಕ್ಕೆ ಅದೇ ‘ತೆರ್’ ಸೇರಿಸಿದರೆ ಮಿನಿಸ್ತೆರ್: ಕೆಳಗಿನವನು, ಸೇವಕ. ಅದೇ ಇವತ್ತಿನ ಮಿನಿಸ್ಟರ್. ಪದದ ಲೆಕ್ಕದಲ್ಲಿ ಮೇಷ್ಟ್ರು ದೊಡ್ಡವರು, ಮಿನಿಸ್ಟರ್ ಚಿಕ್ಕವರು. ವರ್ಗಾವಣೆಗೆ ಅರ್ಜಿ ಹಿಡಿದು ನಿಂತ ಮೇಷ್ಟ್ರಿಗೆ ಇದನ್ನು ಹೇಳಿದರೆ ನಕ್ಕುಬಿಡುತ್ತಾರೆ ಅಷ್ಟೆ.

ರೋಮನ್ನರಲ್ಲಿ ಮಗಿಸ್ತೆರ್ ಅಂದರೆ ಬರೀ ಗುರು ಅಲ್ಲ. ಕುದುರೆ ಪಡೆಯ ಮುಖ್ಯಸ್ಥ ‘ಮಗಿಸ್ತೆರ್ ಎಕ್ವಿತುಮ್’. ಹಡಗಿನ ಯಜಮಾನ ‘ಮಗಿಸ್ತೆರ್ ನಾವಿಸ್’. ಮಕ್ಕಳಿಗೆ ಅಕ್ಷರ ಕಲಿಸುವವನು ‘ಮಗಿಸ್ತೆರ್ ಲೂದಿ’. ಕುಡಿತದ ಕೂಟದಲ್ಲಿ ಯಾರು ಎಷ್ಟು ಕುಡಿಯಬೇಕು ಅಂತ ಹೇಳುವವನಿಗೂ ಈ ಬಿರುದು ಇತ್ತು. ಆದರೆ ಗುಲಾಮರನ್ನು ಇಟ್ಟುಕೊಂಡ ಒಡೆಯನಿಗೆ ಅವರು ಬಳಸುತ್ತಿದ್ದದ್ದು ‘ದೊಮಿನುಸ್’. ಇದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲೇ ಇನ್ನೊಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ಮಗಿಸ್‌ಗೂ ಸಂಸ್ಕೃತದ ‘ಮಹತ್’ಗೂ ಸಂಬಂಧ ಇದೆ, ಎರಡೂ ಒಂದೇ ಹಳೆಯ ಬೇರಿನಿಂದ ಬಂದವು. ಹಾಗಂತ ‘ಮಹಾ’ದಿಂದ ಮೇಸ್ತ್ರಿ ಆಯಿತು ಅನ್ನುವುದು ತಪ್ಪು. ಇದಕ್ಕಿಂತ ಒಳ್ಳೆಯ ಉದಾಹರಣೆ ಪಿತೃ ಮತ್ತು ಪಾದ್ರಿ. ಪಿತೃ ಲ್ಯಾಟಿನ್ ‘ಪಾತೆರ್’ಗೆ ದಾಯಾದಿ, ಸಾವಿರಾರು ವರ್ಷದ ಹಿಂದೆ ಬೇರೆಯಾದದ್ದು. ಪಾದ್ರಿ ಹಾಗಲ್ಲ. ಅದು ಅದೇ ಪಾತೆರ್‌ನಿಂದ ಹುಟ್ಟಿ, ಪೋರ್ಚುಗೀಸಿನ ‘ಪಾದ್ರೆ’ ಆಗಿ, ನಮ್ಮ ಕರಾವಳಿಗೆ ಬಂದಿಳಿದ ಎರವಲು. ರಕ್ತ ಸಂಬಂಧ ಬೇರೆ, ಎರವಲು ಬೇರೆ. ಇವೆರಡನ್ನು ಬೆರೆಸಿದರೆ ಮುಂದಿನ ಎಲ್ಲ ಹೆಜ್ಜೆಯೂ ಜಾರುತ್ತದೆ.

ಮೂರನೆಯ ಹೆಜ್ಜೆ: ಬಾಯಿಂದ ಬಂದದ್ದೋ, ಪುಸ್ತಕದಿಂದ ಬಂದದ್ದೋ?

ಮಾಸ್ಟರ್‌ನಲ್ಲಿ ‘ಗ’ ಇಲ್ಲ. ಮ್ಯಾಜಿಸ್ಟ್ರೇಟ್‌ನಲ್ಲಿ ಅದರ ಗುರುತಾಗಿ ‘ಜಿ’ ಉಳಿದಿದೆ. ಯಾಕೆ?

ಕನ್ನಡ ಓದಿದವರಿಗೆ ಉತ್ತರ ಹೈಸ್ಕೂಲಿನಲ್ಲೇ ಸಿಕ್ಕಿದೆ: ತತ್ಸಮ, ತದ್ಭವ. ಯಾತ್ರೆ ಅನ್ನುವುದನ್ನು ಹಾಗೇ ಇಟ್ಟುಕೊಂಡೆವು, ಅದೇ ಪದ ಜನರ ಬಾಯಲ್ಲಿ ಜಾತ್ರೆ ಆಯಿತು. ಎರಡೂ ಉಳಿದವು, ಅರ್ಥ ಬೇರೆ ಬೇರೆ ಆಯಿತು. ಯುರೋಪಿನಲ್ಲೂ ಹೀಗೇ. ಲ್ಯಾಟಿನ್ ಮಾತಾಡುತ್ತಿದ್ದ ಜನರ ಬಾಯಲ್ಲಿ ಮಗಿಸ್ತೆರ್ ಸವೆಯುತ್ತಾ ಹೋಯಿತು. ನಡುವಿನ ‘ಗ’ ಮೆತ್ತಗಾಗಿ ಮಾಯವಾಯಿತು. ಹಳೆಯ ಫ್ರೆಂಚಿನಲ್ಲಿ ‘ಮೈಸ್ತ್ರ್’, ಆಮೇಲೆ ‘ಸ’ ಕೂಡ ಬಿದ್ದು ಇವತ್ತಿನ ‘ಮೆತ್ರ್’. ಬಿದ್ದುಹೋದ ‘ಸ’ದ ನೆನಪಿಗೆ ಫ್ರೆಂಚರು ಹಿಂದಿನ ಅಕ್ಷರದ ತಲೆ ಮೇಲೆ ಒಂದು ಸಣ್ಣ ಟೋಪಿ ಇಟ್ಟಿದ್ದಾರೆ. ಇಟಲಿಯಲ್ಲಿ ಮಾಯೆಸ್ತ್ರೊ, ಸ್ಪೇನಿನಲ್ಲಿ ಮಾಯೆಸ್ತ್ರೊ, ಪೋರ್ಚುಗಲ್‌ನಲ್ಲಿ ಮೆಸ್ತ್ರೆ. ಇವೆಲ್ಲ ತದ್ಭವ. ಮ್ಯಾಜಿಸ್ಟ್ರೇಟ್ ಅನ್ನುವುದು ‘ಮಗಿಸ್ತ್ರಾತುಸ್’ ಅನ್ನುವ ಅಧಿಕಾರದ ಪದವನ್ನು ಓದಿದವರು ಬರಹದಿಂದ ಎತ್ತಿಕೊಂಡದ್ದು. ಅದಕ್ಕೇ ಅದು ಅಷ್ಟು ಸವೆದಿಲ್ಲ.

ಇಂಗ್ಲಿಷಿಗೆ ಈ ಪದ ಎರಡು ಸಲ ಬಂದಿದೆ. ಮೊದಲು ಹಳೆಯ ಇಂಗ್ಲಿಷಿನ ಕಾಲದಲ್ಲೇ ಲ್ಯಾಟಿನ್‌ನಿಂದ ನೇರವಾಗಿ. ಆಮೇಲೆ 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದ ನಂತರ ಫ್ರೆಂಚಿನಿಂದ ಮತ್ತೊಮ್ಮೆ. ಎರಡೂ ಸೇರಿ ಮಾಸ್ಟರ್ ಗಟ್ಟಿಯಾಯಿತು. ಹೆಸರಿಗೆ ಮೊದಲು ಸೇರಿಸಿ ಸರಸರ ಹೇಳುವಾಗ ಮಾಸ್ಟರ್ ಸಡಿಲವಾಗಿ ಮಿಸ್ಟರ್ ಆಯಿತು. ಹೆಂಗಸರಿಗೆ ಫ್ರೆಂಚಿನಿಂದ ಬಂದ ‘ಮಿಸ್ಟ್ರೆಸ್’. ಅದನ್ನು ಮುರಿದು ಮಿಸೆಸ್, ಇನ್ನೂ ಮುರಿದು ಮಿಸ್. ಇಂಗ್ಲಿಷಿನಲ್ಲಿ ಮಿಸೆಸ್ ಬರೆಯುವಾಗ ಎಂ ಮತ್ತು ಎಸ್ ನಡುವೆ ಒಂದು ಆರ್ ಇರುತ್ತದೆ, ಉಚ್ಚಾರದಲ್ಲಿ ಮಾತ್ರ ಇರುವುದಿಲ್ಲ. ಆ ಆರ್ ಮಿಸ್ಟ್ರೆಸ್‌ನದ್ದು. ಮಿಸ್ ಅಂದರೆ ಮದುವೆಯಾಗದವಳು ಅಂತ ಇಂಗ್ಲಿಷಿನ ರೂಢಿ. ನಮ್ಮ ಮಕ್ಕಳಿಗೆ ಅದೆಲ್ಲ ಬೇಕಿಲ್ಲ, ಮೊಮ್ಮಕ್ಕಳಿರುವ ಟೀಚರೂ ಅವರಿಗೆ ಮಿಸ್ಸೇ.

ನಾಲ್ಕನೆಯ ಹೆಜ್ಜೆ: ಕನ್ನಡಕ್ಕೆ ಬಂದ ದಾರಿಯನ್ನು ಪರೀಕ್ಷೆ ಮಾಡಿ

ಇದು ಮುಖ್ಯ ಭಾಗ, ಆತುರ ಬೇಡ. ಮೇಸ್ತ್ರಿ ಪದವನ್ನೇ ಇಟ್ಟುಕೊಂಡು ಮಾಡೋಣ. ಇದು ಇಂಗ್ಲಿಷಿನ ಮಾಸ್ಟರ್‌ನಿಂದ ಬಂತೋ, ಪೋರ್ಚುಗೀಸಿನ ಮೆಸ್ತ್ರೆಯಿಂದ ಬಂತೋ?

ಮೊದಲು ಧ್ವನಿ. ಇಂಗ್ಲಿಷಿನ ಟಿ ನಮ್ಮ ಕಿವಿಗೆ ‘ಟ’ ಆಗಿ ಕೇಳಿಸುತ್ತದೆ: ಸ್ಟೇಷನ್, ಟೇಬಲ್, ಟಿಕೆಟ್. ಪೋರ್ಚುಗೀಸಿನ ಟಿ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ‘ತ’. ಮೇಸ್ತ್ರಿಯಲ್ಲಿ ಇರುವುದು ‘ತ’. ಇನ್ನು ಕೊನೆಯ ‘ರಿ’ ನೋಡಿ. ಮಾಸ್ಟರ್‌ನಲ್ಲಿ ಆ ‘ಇ’ ಇಲ್ಲವೇ ಇಲ್ಲ. ಪೋರ್ಚುಗೀಸಿನಲ್ಲಿ ಪದದ ಕೊನೆಯ ‘ಎ’ ತುಂಬ ಕಿರಿದು, ನಮ್ಮ ಕಿವಿಗೆ ‘ಇ’ ಅಂತಲೇ ಬೀಳುತ್ತದೆ. ಪಾದ್ರೆ ನಮ್ಮಲ್ಲಿ ಪಾದ್ರಿ ಆಯಿತು. ಕೀಲಿಕೈ ಅನ್ನುವ ಅರ್ಥದ ‘ಶಾವೆ’ ಚಾವಿ ಆಯಿತು. ಅದೇ ಅಚ್ಚಿನಲ್ಲಿ ಮೆಸ್ತ್ರೆ ಮೇಸ್ತ್ರಿ ಆಯಿತು. ಒಂದು ಪದಕ್ಕೆ ನೀವು ಹೇಳುವ ಬದಲಾವಣೆ ಅದೇ ದಾರಿಯಲ್ಲಿ ಬಂದ ಬೇರೆ ಪದಗಳಲ್ಲೂ ಕಾಣಿಸಬೇಕು. ಕಾಣಿಸದಿದ್ದರೆ ನಿಮ್ಮ ಊಹೆಯನ್ನು ಅನುಮಾನದಿಂದ ನೋಡಿ.

ಆದರೆ ಟ–ತ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ಪೋರ್ಚುಗೀಸರೇ ತಂದ ‘ಬತಾತ’ ನಮ್ಮಲ್ಲಿ ಬಟಾಟೆ ಆಗಿದೆ, ಅಲ್ಲಿ ‘ತ’ ಇರಬೇಕಾದ ಕಡೆ ‘ಟ’ ಬಂದಿದೆ. ಅತ್ತ ಉತ್ತರ ಕರ್ನಾಟಕದ ಮಾಸ್ತರ ನೋಡಿ, ಇಂಗ್ಲಿಷಿನದೇ ಆದರೂ ‘ತ’ ಇದೆ. ಮರಾಠಿಯಲ್ಲೂ ಮಾಸ್ತರ್ ಅನ್ನುತ್ತಾರೆ. ಪಕ್ಕದ ಭಾಷೆಯ ಬಾಯಿ ದಾಟಿ ಬಂದ ಪದದಲ್ಲಿ ಇಂಥ ಏರುಪೇರು ಆಗುತ್ತದೆ.

ಅದಕ್ಕೇ ಎರಡನೆಯ ಪರೀಕ್ಷೆ ಬೇಕು, ಅದು ಅರ್ಥದ್ದು. ಪೋರ್ಚುಗೀಸಿನಲ್ಲಿ ‘ಮೆಸ್ತ್ರೆ ದೆ ಓಬ್ರಶ್’ ಅಂದರೆ ಕಟ್ಟಡ ಕೆಲಸದ ಮುಖ್ಯಸ್ಥ. ಇದಕ್ಕಿಂತ ಹತ್ತಿರದ ಅರ್ಥ ಇನ್ನೇನು ಬೇಕು? ಇಂಗ್ಲಿಷಿನ ಮಾಸ್ಟರ್ ನಮ್ಮಲ್ಲಿಗೆ ಬಂದದ್ದು ಮುಖ್ಯವಾಗಿ ಶಾಲೆ, ಅಂಚೆ, ರೈಲಿನ ಜೊತೆ.

ಮೂರನೆಯದು ಕಾಲ ಮತ್ತು ಜಾಗ. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದರು, 1510ರಲ್ಲಿ ಬಿಜಾಪುರದ ಸುಲ್ತಾನರಿಂದ ಗೋವಾ ಕಿತ್ತುಕೊಂಡರು. 1560ರ ದಶಕದ ಕೊನೆಯ ಹೊತ್ತಿಗೆ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಅವರು ಕಾಲೂರಿದ್ದರು. ಕೋಟೆ, ಇಗರ್ಜಿ, ಹಡಗು ಎಲ್ಲಕ್ಕೂ ಕೆಲಸಗಾರರು ಬೇಕು, ಅವರ ಮೇಲೊಬ್ಬ ಮೆಸ್ತ್ರೆ ಬೇಕು. ಕೊಂಕಣಿಯಲ್ಲಿ ಬಡಗಿಗೆ ಇವತ್ತಿಗೂ ಮೇಸ್ತ ಅನ್ನುತ್ತಾರೆ.

ಕೊನೆಯದಾಗಿ ಅಕ್ಕಪಕ್ಕದ ಭಾಷೆಗಳು. ತೆಲುಗಿನಲ್ಲಿ ಮೇಸ್ತ್ರಿ, ತಮಿಳು ಮತ್ತು ಮಲಯಾಳದಲ್ಲಿ ಮೇಸ್ತಿರಿ, ಹಿಂದಿ, ಗುಜರಾತಿ, ಬಂಗಾಳಿಯಲ್ಲಿ ಮಿಸ್ತ್ರಿ. ಕರಾವಳಿ ಇರುವ ಭಾಷೆಗಳಲ್ಲೆಲ್ಲ ಒಂದೇ ಕಸುಬಿನ ಪದ ಇದೆ ಅಂದರೆ ಅದು ಸಮುದ್ರದ ಕಡೆಯಿಂದ ಬಂದಿರುವ ಸಾಧ್ಯತೆ ಜಾಸ್ತಿ. ಬ್ರಿಟಿಷರ ಕಾಲದಲ್ಲಿ ಬರ್ಮಾದ ಭತ್ತದ ಗದ್ದೆಗಳಿಗೆ, ಗಿರಣಿಗಳಿಗೆ ಕೂಲಿಗಳನ್ನು ಕರೆದೊಯ್ಯುತ್ತಿದ್ದ ದಳ್ಳಾಳಿಗಳಿಗೂ ಮೇಸ್ತ್ರಿ ಅನ್ನುವ ಹೆಸರೇ ಇತ್ತು. ಭಾರತದಲ್ಲಿದ್ದ ಇಂಗ್ಲಿಷರ ಮಾತಿನಲ್ಲಿ ಸೇರಿಕೊಂಡ ಪದಗಳ ಹಾಬ್ಸನ್–ಜಾಬ್ಸನ್ ಕೋಶ 1886ರಲ್ಲಿ ಮೊದಲು ಅಚ್ಚಾಯಿತು, ಅದರಲ್ಲಿ ಈ ಪದಕ್ಕೆ ಪೋರ್ಚುಗೀಸ್ ಮೂಲವನ್ನೇ ಕೊಟ್ಟಿದ್ದಾರೆ. ಷಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ನಿಘಂಟುಗಳ ತಾಣದಲ್ಲಿ ಅದನ್ನು ಹುಡುಕಿ ನೋಡಬಹುದು, ಅಲ್ಲೇ ಮರಾಠಿಯ ಮೋಲ್ಸ್‌ವರ್ತ್, ತಮಿಳಿನ ಲೆಕ್ಸಿಕಾನ್ ಕೂಡ ಇವೆ. ಕನ್ನಡಕ್ಕೆ ಕಿಟ್ಟೆಲ್ ಅವರ 1894ರ ನಿಘಂಟಿದೆ. ಪೋರ್ಚುಗೀಸ್ ಎರವಲಿಗಂತೂ ಗೋವಾದ ಪಾದ್ರಿ ಸೆಬಾಸ್ತಿಯಾವ್ ರೊದೊಲ್ಫೊ ದಾಲ್ಗಾದೊ 1913ರಲ್ಲಿ ಮಾಡಿಟ್ಟ ಕೆಲಸವನ್ನು ಬಿಟ್ಟು ಮುಂದೆ ಹೋಗಬೇಡಿ. ಏಷ್ಯಾದ ಹತ್ತಾರು ಭಾಷೆಗಳಿಗೆ ಹೊಕ್ಕ ಪೋರ್ಚುಗೀಸ್ ಪದಗಳನ್ನು ಅವರು ಒಟ್ಟು ಹಾಕಿದ್ದಾರೆ, 1936ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಬಂತು.

ಹಾಗಾದರೆ ಮೇಷ್ಟ್ರು? ಮೊದಲಿನ ‘ಮೇ’ ಕೇಳಿದರೆ ಮೆಸ್ತ್ರೆ ಅಂತ ಹೇಳುವ ಆಸೆ ಆಗುತ್ತದೆ. ಆದರೆ ‘ಟ’ ಇದೆ, ಅರ್ಥ ಶಾಲೆಯದು. ನನ್ನ ಒಲವು ಇಂಗ್ಲಿಷಿನ ಕಡೆಗೇ. ‘ಟ’ದ ಹಿಂದೆ ‘ಸ’ ಬಂದರೆ ನಮ್ಮ ನಾಲಿಗೆ ಅದನ್ನು ‘ಷ’ ಮಾಡುತ್ತದೆ. ಕಷ್ಟ, ಇಷ್ಟದ ಅಭ್ಯಾಸ. ಹಳ್ಳಿಯ ಕಡೆ ಲಿಷ್ಟು, ಪೋಷ್ಟು ಅನ್ನುವುದಿಲ್ಲವೇ? ಮಾಸ್ಟರ್‌ನ ಕೊನೆಯ ‘ರ್’ ನಮ್ಮ ಗೌರವದ ‘ರು’ ಜೊತೆ ಕಲೆತುಹೋಗಿದೆ. ಹಾಗಾಗಿ ಮೇಷ್ಟ್ರನ್ನು ಏಕವಚನದಲ್ಲಿ ಕರೆಯಬೇಕೆಂದರೂ ಸಲೀಸಾಗಿ ಬಾಯಿಗೆ ಬರುವುದಿಲ್ಲ. ಪಿ. ಲಂಕೇಶ್ ಕಾಲೇಜು ಬಿಟ್ಟು ಪತ್ರಿಕೆ ಮಾಡಿದ ಮೇಲೂ ಜೊತೆಗಿದ್ದವರಿಗೆ ಮೇಷ್ಟ್ರಾಗಿಯೇ ಉಳಿದರು.

ಐದನೆಯ ಹೆಜ್ಜೆ: ಬೇರೆ ದೇಶಗಳಲ್ಲಿ ಅದು ಏನಾಗಿದೆ ನೋಡಿ

ಒಂದೇ ಪದ ಶಾಲೆಗೂ ಕಟ್ಟಡಕ್ಕೂ ಹೇಗೆ ಹೋಯಿತು? ಇದಕ್ಕೆ ಉತ್ತರ ಮಧ್ಯಯುಗದ ಯುರೋಪಿನಲ್ಲಿದೆ. ಅಲ್ಲಿ ಬಡಗಿ, ಕಲ್ಲುಕುಟಿಗ, ಅಕ್ಕಸಾಲಿಗರಿಗೆಲ್ಲ ಅವರವರ ಕಸುಬಿನ ಸಂಘ ಇತ್ತು. ಹುಡುಗ ಸೇರಿ ಕೆಲಸ ಕಲಿತು, ಕೂಲಿಗೆ ದುಡಿದು, ಕೊನೆಗೆ ತನ್ನ ಕೈಯಿಂದ ಒಂದು ಒಳ್ಳೆಯ ವಸ್ತು ಮಾಡಿ ಸಂಘಕ್ಕೆ ತೋರಿಸಬೇಕು. ಒಪ್ಪಿದರೆ ಅವನು ಮಾಸ್ಟರ್. ಆ ವಸ್ತುವೇ ಮಾಸ್ಟರ್‌ಪೀಸ್. ವಿಶ್ವವಿದ್ಯಾಲಯಗಳೂ ಇಂಥ ಸಂಘಗಳೇ ಆಗಿದ್ದವು. ಓದಿ ಮುಗಿಸಿ ಬೇರೆಯವರಿಗೆ ಕಲಿಸುವ ಹಕ್ಕು ಪಡೆದವನು ಮಗಿಸ್ತೆರ್. ನಮ್ಮ ಎಂ.ಎ.ಯ ‘ಎಂ’ ಅದೇ.

ಈಗ ಒಂದು ಸುತ್ತು ಹಾಕಿ. ಜರ್ಮನಿಯಲ್ಲಿ ಮೈಸ್ಟರ್ ಅನ್ನುವುದು ಇವತ್ತಿಗೂ ಪರೀಕ್ಷೆ ಬರೆದು ಪಡೆಯುವ ಕಸುಬಿನ ಅರ್ಹತೆ. ಬ್ಯುರ್ಗರ್‌ಮೈಸ್ಟರ್ ಊರಿನ ಮೇಯರ್, ಹೌಸ್‌ಮೈಸ್ಟರ್ ಕಟ್ಟಡ ನೋಡಿಕೊಳ್ಳುವವನು, ವೆಲ್ಟ್‌ಮೈಸ್ಟರ್ ವಿಶ್ವಚಾಂಪಿಯನ್. ಫ್ರಾನ್ಸಿನಲ್ಲಿ ವಕೀಲರನ್ನು, ಅವರು ಗಂಡಾಗಲಿ ಹೆಣ್ಣಾಗಲಿ, ‘ಮೆತ್ರ್’ ಅಂತ ಕರೆಯುತ್ತಾರೆ. ‘ಕೋಂತ್ರ್‌ಮೆತ್ರ್’ ಅಂದರೆ ನಮ್ಮ ಮೇಸ್ತ್ರಿಯೇ. ನೆದರ್‌ಲ್ಯಾಂಡ್ಸ್‌ನಲ್ಲಿ ಯಾರದಾದರೂ ಹೆಸರಿನ ಹಿಂದೆ ‘ಎಂಆರ್’ ಅಂತ ಇದ್ದರೆ ಮಿಸ್ಟರ್ ಅಂತ ಓದಬೇಡಿ. ಅದು ‘ಮೇಸ್ಟರ್’, ಕಾನೂನು ಪದವಿ ಪಡೆದವರ ಗುರುತು, ಹೆಂಗಸರ ಹೆಸರಿಗೂ ಇರುತ್ತದೆ. ಅದೇ ದೇಶದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಗಂಡು ಶಿಕ್ಷಕರನ್ನು ಮೇಸ್ಟರ್ ಅನ್ನುತ್ತಾರೆ. ಕೇಳಿದರೆ ನಮ್ಮ ಮೇಷ್ಟ್ರ ಥರವೇ ಇದೆ, ಆದರೆ ಎರಡೂ ಬೇರೆ ಬೇರೆ ಕಡೆ ಸವೆದು ಹಾಗಾದವು. ಹೆಣ್ಣು ಶಿಕ್ಷಕರನ್ನು ಅಲ್ಲಿಯ ಮಕ್ಕಳು ‘ಯುಫ್’ ಅನ್ನುತ್ತಾರೆ, ಅಂದರೆ ಮಿಸ್! ಯುಫ್‌ಗೆ ಮಗಿಸ್ತೆರ್ ಜೊತೆ ನಂಟಿಲ್ಲ, ರೂಢಿ ಮಾತ್ರ ಒಂದೇ.

ಪೋಲೆಂಡಿನಲ್ಲಿ ಒಂದೇ ಪದ ಮೂರು ವೇಷದಲ್ಲಿದೆ. ‘ಮಿಸ್ತ್‌ಶ್’ ಅಂದರೆ ಪಳಗಿದವನು, ಚಾಂಪಿಯನ್. ‘ಮೈಸ್ತೆರ್’ ಜರ್ಮನ್ನಿನಿಂದ ಬಂದದ್ದು, ಕೆಲಸದ ಮುಖ್ಯಸ್ಥ. ‘ಮಗಿಸ್ತೆರ್’ ಸ್ನಾತಕೋತ್ತರ ಪದವೀಧರ. ಮೇಷ್ಟ್ರು, ಮೇಸ್ತ್ರಿ, ಮಾಸ್ಟರ್ ಮೂರನ್ನೂ ಇಟ್ಟುಕೊಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಫ್ರಾನ್ಸಿನ ರೋನ್ ಕಣಿವೆಯಲ್ಲಿ ಮೆಡಿಟರೇನಿಯನ್ ಕಡೆಗೆ ಬೀಸುವ ಚಳಿಗಾಳಿಗೆ ಮಿಸ್ತ್ರಾಲ್ ಅನ್ನುತ್ತಾರೆ. ಅದೂ ಇದೇ ಕುಲ: ಗಾಳಿಗಳಲ್ಲಿ ಯಜಮಾನ ಗಾಳಿ.

ಇಂಗ್ಲಿಷಿನ ಮಾಸ್ಟರ್ ಒಂದು ಹೆಚ್ಚಿನ ಭಾರ ಹೊತ್ತಿದೆ. ಲ್ಯಾಟಿನ್ನಿನ ದೊಮಿನುಸ್ ಮಾಡುತ್ತಿದ್ದ ಕೆಲಸವನ್ನೂ ಅಲ್ಲಿ ಮಾಸ್ಟರ್ ತೆಗೆದುಕೊಂಡಿತು, ಗುಲಾಮರ ಒಡೆಯನೂ ಮಾಸ್ಟರ್ ಆದ. ಅದಕ್ಕೇ 2020ರಲ್ಲಿ, ಸಾಫ್ಟ್‌ವೇರ್ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್, ಹೊಸ ಪ್ರಾಜೆಕ್ಟುಗಳ ಮೊದಲ ಕೊಂಬೆಗೆ, ಅಂದರೆ ಕೋಡಿನ ಮುಖ್ಯ ಪ್ರತಿಗೆ, ‘ಮಾಸ್ಟರ್’ ಬಿಟ್ಟು ‘ಮೇನ್’ ಅಂತ ಹೆಸರಿಟ್ಟಿತು. ಬೆಂಗಳೂರಿನ ಸಾಫ್ಟ್‌ವೇರ್‌ನವರು ಆಗ ಬೈದುಕೊಂಡು ಸ್ಕ್ರಿಪ್ಟ್ ತಿದ್ದಿದ್ದು ಇದಕ್ಕೇ. ಮೇಷ್ಟ್ರಿಗೂ ಮೇಸ್ತ್ರಿಗೂ ಆ ಕಳಂಕ ಅಂಟಿಲ್ಲ.

ಆರನೆಯ ಹೆಜ್ಜೆ: ಸುಳ್ಳು ನೆಂಟರನ್ನು ಹೊರಗೆ ಕಳಿಸಿ

ಸೆಮಿಸ್ಟರ್‌ನೊಳಗೆ ಮಿಸ್ಟರ್ ಕಾಣಿಸುತ್ತದೆ. ಆದರೆ ಅದು ಆರು ಮತ್ತು ತಿಂಗಳು ಅನ್ನುವ ಲ್ಯಾಟಿನ್ ಪದಗಳು ಸೇರಿ ಆದದ್ದು, ಆರು ತಿಂಗಳಿನ ಅವಧಿ. ರಿಜಿಸ್ಟರ್ ಕೂಡ ಬೇರೆಯೇ, ಅದು ‘ದಾಖಲಿಸಿಟ್ಟದ್ದು’ ಅನ್ನುವ ‘ರೆಗೆಸ್ತ’ದಿಂದ ಬಂದದ್ದು. ಮೆಟ್ರೊ ಗ್ರೀಕಿನ ‘ತಾಯಿ’ಯಿಂದ ಬಂದದ್ದು. ಮಿನಿಬಸ್ಸಿನ ‘ಮಿನಿ’ ಮತ್ತು ಮಿನಿಸ್ಟರ್ ಒಂದೇ ಅನ್ನಿಸುತ್ತದೆ. ಆದರೆ ಮಿನಿ ಅನ್ನುವುದು ಮಿನಿಯೇಚರ್‌ನ ತುಂಡು, ಅದರ ಬುಡದಲ್ಲಿರುವುದು ಹಸ್ತಪ್ರತಿಗಳಿಗೆ ಹಚ್ಚುತ್ತಿದ್ದ ಕೆಂಪು ಬಣ್ಣದ ‘ಮಿನಿಯುಮ್’. ಚಿಕ್ಕದು ಅನ್ನುವ ಅರ್ಥ ಆಮೇಲೆ ಅಂಟಿಕೊಂಡಿತು.

ವಾಟ್ಸ್ಯಾಪಿನಲ್ಲಿ ಓಡಾಡುವ ‘ಎಲ್ಲಾ ಸಂಸ್ಕೃತದಿಂದಲೇ’ ಪಟ್ಟಿಗಳಿಗೂ ಇದೇ ಔಷಧಿ. ಯಾರಾದರೂ ಮೇಸ್ತ್ರಿಗೆ ‘ಮಹಾ’ ಮೂಲ ಹೇಳಿದರೆ ನಡುವಿನ ರೂಪ ತೋರಿಸಿ ಅಂತ ಕೇಳಿ. ಹಳಗನ್ನಡದಲ್ಲಿ, ಪ್ರಾಕೃತದಲ್ಲಿ ಅದು ಹೇಗಿತ್ತು? ತೋರಿಸಲಾಗದಿದ್ದರೆ ಮಾತು ಅಲ್ಲಿಗೆ ಮುಗಿಯಿತು.

ಏಳನೆಯ ಹೆಜ್ಜೆ: ನಮೂದು ಬರೆಯಿರಿ

ಕಂಡುಕೊಂಡದ್ದನ್ನು ಚಿಕ್ಕದಾಗಿ ಬರೆದಿಡಿ. ಉದಾಹರಣೆಗೆ ಹೀಗೆ:

ಮೇಸ್ತ್ರಿ: ಕೆಲಸ ಬಲ್ಲವನು, ಕೆಲಸಗಾರರ ಮುಖ್ಯಸ್ಥ, ಗಾರೆ ಕೆಲಸ, ಮರಗೆಲಸ, ಕಾಫಿ ತೋಟ. ಪೋರ್ಚುಗೀಸ್ ಮೆಸ್ತ್ರೆ, ಅದಕ್ಕೆ ಲ್ಯಾಟಿನ್ ಮಗಿಸ್ತೆರ್. ಸಾಕ್ಷಿ: ದಂತ್ಯ ತ; ಕೊನೆಯ ಇ, ಪಾದ್ರಿ ಮತ್ತು ಚಾವಿಯಂತೆ; ತೆಲುಗು, ತಮಿಳು, ಹಿಂದಿ ರೂಪಗಳು. ಖಚಿತ.

ಮೇಷ್ಟ್ರು: ಶಾಲೆಯ ಅಧ್ಯಾಪಕರು. ಇಂಗ್ಲಿಷ್ ಮಾಸ್ಟರ್, ಅದಕ್ಕೆ ಹಳೆಯ ಫ್ರೆಂಚ್ ಮತ್ತು ಲ್ಯಾಟಿನ್. ಸಾಕ್ಷಿ: ಮೂರ್ಧನ್ಯ ಟ, ಅರ್ಥ. ಬಹುಮಟ್ಟಿಗೆ ಖಚಿತ, ‘ಮೇ’ ಬಗ್ಗೆ ಇನ್ನೂ ನೋಡಬೇಕು.

ಕೊನೆಯ ತುಂಡನ್ನು, ಅಂದರೆ ಎಷ್ಟು ಖಚಿತ ಅನ್ನುವುದನ್ನು, ಬಿಡಬೇಡಿ. ಆರು ತಿಂಗಳು ಬಿಟ್ಟು ತೆಗೆದು ನೋಡಿದಾಗ ಯಾವುದು ಸಾಕ್ಷಿ, ಯಾವುದು ಊಹೆ ಅಂತ ನಿಮಗೇ ಮರೆತಿರುತ್ತದೆ.

ಕೈ ಪಳಗಬೇಕಾದರೆ ಮುಂದಿನ ಪದ ಪಗಾರ. ಹುಬ್ಬಳ್ಳಿ–ಬೆಳಗಾವಿ ಕಡೆಯ ಪಗಾರ ಮತ್ತು ಆಫೀಸಿನ ಪೇಸ್ಲಿಪ್‌ನ ‘ಪೇ’ ಎರಡನ್ನೂ ಹಾಳೆಯ ಎರಡು ಬದಿಗೆ ಬರೆಯಿರಿ. ಒಂದು ಬದಿಯಲ್ಲಿ ಪೋರ್ಚುಗೀಸಿನ ‘ಪಗಾರ್’ಗೆ, ಇನ್ನೊಂದರಲ್ಲಿ ಫ್ರೆಂಚಿನ ‘ಪೆಯೆ’ಗೆ ಹೋಗಿ. ಸ್ವರಗಳ ನಡುವಿನ ಲ್ಯಾಟಿನ್ ‘ಕ’ ಪೋರ್ಚುಗೀಸಿನಲ್ಲಿ ‘ಗ’ ಆಗುತ್ತದೆ, ‘ಅಮೀಕುಸ್’ ಅಲ್ಲಿ ‘ಅಮೀಗು’ ಆದ ಹಾಗೆ. ಫ್ರೆಂಚಿನಲ್ಲಿ ಅದು ಕರಗಿ ‘ಯ’ ಆಗುತ್ತದೆ. ಇಷ್ಟು ಹಿಡಿದುಕೊಂಡರೆ ಎರಡೂ ‘ಪಾಕಾರೆ’ ಅನ್ನುವ ಕಡೆ ಬಂದು ಸೇರುತ್ತವೆ. ಅದರ ಅರ್ಥ ಸಮಾಧಾನ ಮಾಡುವುದು. ಸಮಾಧಾನ ಮಾಡುವ ಪದ ಸಂಬಳಕ್ಕೆ ಹೇಗೆ ಬಂತು ಅನ್ನುವುದಕ್ಕೆ, ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಾಗ ಏನು ಮಾಡುತ್ತಾರೆ ಅಂತ ಯೋಚಿಸುವುದರಿಂದ ಶುರುಮಾಡಿ.